ಒಂದೇ ಕಡೆಯೋ, ಎರಡೂ ಕಡೆಯೋ? ಮೆಡಿಕಲ್ ಶಾಪಿನವರಿಗೆ ಒಂದು ಬಹಿರಂಗ ಪತ್ರ



ಫಾರ್ಮಸಿ ಓದಿ ಸ್ವಂತ ಅಂಗಡಿ ಇಟ್ಟವರು, ಮಾಲೀಕರು ಊಟಕ್ಕೆ ಹೋದಾಗ ಗಲ್ಲಾ ನೋಡಿಕೊಳ್ಳುವ ಹುಡುಗರು, ಕಾಲೇಜು ಬಿಟ್ಟ ಮೇಲೆ ಸಂಜೆ ಹೊತ್ತು ಬಂದು ನಿಲ್ಲುವ ಹುಡುಗಿಯರು, ಎಲ್ಲರನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ನಾನು ಮಲೆನಾಡಿನ ಅಂಚಿನ ಒಂದು ಪೇಟೆಯಲ್ಲಿ ಕಿವಿ, ಮೂಗು, ಗಂಟಲು ನೋಡುವ ವೈದ್ಯ. ನನ್ನ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ನಿಮ್ಮ ಅಂಗಡಿಗೆ ಹೋಗಿ ಬಂದವರೇ. ಅದನ್ನು ತಪ್ಪೆನ್ನಲಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಟೋಕನ್ ತೆಗೆದುಕೊಂಡು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರುವಷ್ಟು ದೊಡ್ಡ ಕಾಯಿಲೆಯಲ್ಲ ನೆಗಡಿ. ನೀವು ಕೊಟ್ಟ ಮಾತ್ರೆಯಿಂದಲೋ, ಬರೀ ದಿನ ಕಳೆದದ್ದರಿಂದಲೋ ಬಹಳಷ್ಟು ಜನರಿಗೆ ವಾಸಿಯಾಗುತ್ತದೆ. ವಾಸಿಯಾಗದೆ ಉಳಿದವರ ಪರವಾಗಿ ಈ ಪತ್ರ.

ಚೀಟಿ ಇಲ್ಲದೆ ಔಷಧ ಕೊಡಬೇಡಿ ಎಂಬ ಬೋಧನೆ ನಿಮಗೆ ಬೇಕಾದಷ್ಟು ಆಗಿದೆ. ಅದನ್ನು ನಾನೂ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ನನ್ನ ಕೋರಿಕೆ ಬಹಳ ಸಣ್ಣದು. ಮೂಗಿಗೋ ಕಿವಿಗೋ ಡ್ರಾಪ್ಸ್ ಕೇಳಿಕೊಂಡು ಯಾರಾದರೂ ಬಂದಾಗ, ಬಾಟಲಿಗೆ ಕೈ ಹಾಕುವ ಮೊದಲು ಒಂದು ಮಾತು ಕೇಳಿ: ‘ಎರಡೂ ಕಡೆನಾ, ಒಂದೇ ಕಡೆನಾ?’

ಕಾರಣ ಹೇಳುತ್ತೇನೆ. ನೆಗಡಿಯ ವೈರಸ್ಸಿಗೆ ಎಡ ಬಲ ಗೊತ್ತಿಲ್ಲ. ದೂಳಿನ ಅಲರ್ಜಿಯೂ ಹಾಗೆಯೇ, ವಯಸ್ಸಾದಂತೆ ಕಿವಿ ಮಂದವಾಗುವುದೂ ಹಾಗೆಯೇ. ಇಂದು ಎಡ ಹೊಳ್ಳೆ ಕಟ್ಟಿದರೆ ನಾಳೆ ಬಲ, ಒಟ್ಟಿನಲ್ಲಿ ಎರಡೂ ಕಡೆಗೆ ಪಾಲು. ಆದರೆ ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ, ಬೆಳೆಯುತ್ತಿದ್ದರೆ, ತೂತು ಬಿದ್ದಿದ್ದರೆ ಅದು ಸಾಮಾನ್ಯವಾಗಿ ಒಂದು ಬದಿಯನ್ನು ಹಿಡಿದು ಕೂರುತ್ತದೆ. ನಮ್ಮ ಪಠ್ಯಪುಸ್ತಕಗಳ ಕೊನೆಯ ಅಧ್ಯಾಯಗಳಲ್ಲಿ ಬರುವ ಅಪರೂಪದ ಕಾಯಿಲೆಗಳಲ್ಲಿ ಬಹಳಷ್ಟು ಈ ಜಾತಿಯವು. ಒಂದು ಕಡೆಯದ್ದೆಲ್ಲ ಭಯಾನಕ ಎಂದಲ್ಲ. ಮೂಗಿನ ನಡುವಿನ ಗೋಡೆ ಸೊಟ್ಟಗಿದ್ದವರಿಗೆ ಒಂದೇ ಹೊಳ್ಳೆ ಕಟ್ಟುತ್ತದೆ, ಕೆರೆಯಲ್ಲಿ ಈಜಿದ ಹುಡುಗನಿಗೆ ಒಂದೇ ಕಿವಿ ಸೋರುತ್ತದೆ. ಆದರೂ ಆ ಉತ್ತರ ಬಂದಾಗ ನಾವು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇವೆ. ನೀವೂ ಹಾಗೆ ಮಾಡಿ ಎಂದಷ್ಟೇ ನನ್ನ ಮಾತು.

ಮಕ್ಕಳಿಂದ ಶುರು ಮಾಡೋಣ. ಮೂರು ವರ್ಷದ ಮಗು, ಹದಿನೈದು ದಿನದಿಂದ ಸಿಂಬಳ, ಆಂಟಿಬಯಾಟಿಕ್ ಸಿರಪ್ಪಿನ ಒಂದು ಕೋರ್ಸ್ ಮುಗಿದು ಎರಡನೆಯದು ನಡೆಯುತ್ತಿದೆ. ನಿಲ್ಲಿಸಿದ ಕೂಡಲೇ ಮತ್ತೆ ಶುರು. ಇಂಥ ಮಗು ಬಾಗಿಲು ದಾಟುವಾಗಲೇ ನನಗೆ ಅರ್ಧ ಗೊತ್ತಾಗಿಬಿಡುತ್ತದೆ, ಏಕೆಂದರೆ ವಾಸನೆ ಮುಂದೆ ಬರುತ್ತದೆ, ಮಗು ಹಿಂದೆ. ತಾಯಿಗೆ ಅದು ಅಭ್ಯಾಸವಾಗಿರುತ್ತದೆ. ಹಲ್ಲು ಹುಳುಕಾಗಿದೆಯೇನೋ ಅಂದುಕೊಂಡಿರುತ್ತಾಳೆ. ಮೂಗಿನ ತುದಿಯನ್ನು ಹೆಬ್ಬೆರಳಿನಿಂದ ಮೇಲೆತ್ತಿ ಟಾರ್ಚು ಬಿಟ್ಟರೆ ಒಂದು ಹೊಳ್ಳೆ ಶುಭ್ರ, ಇನ್ನೊಂದರಲ್ಲಿ ರಕ್ತದ ಗೆರೆ ಬೆರೆತ ಹಳದಿ ಕೀವು. ಹುಣಸೆಬೀಜ, ಕಡಲೆಕಾಳು, ಮಣಿ, ಬಳಪದ ಚೂರು, ಅಳಿಸುವ ರಬ್ಬರ್, ಹಾಸಿಗೆಯಿಂದ ಕಿತ್ತ ಸ್ಪಂಜು, ಮಕ್ಕಳು ಏನನ್ನು ಬೇಕಾದರೂ ತುರುಕಿಕೊಳ್ಳುತ್ತಾರೆ. ನಾರುವುದರಲ್ಲಿ ಸ್ಪಂಜಿಗೆ ಮೊದಲ ಬಹುಮಾನ. ಹಾಗೇ ಬಿಟ್ಟರೆ ವರ್ಷಗಟ್ಟಲೆ ಅದರ ಮೇಲೆ ಸುಣ್ಣದ ಅಂಶ ಕೂಡಿ ಮೂಗಿನೊಳಗೆ ಕಲ್ಲೇ ಆಗುತ್ತದೆ. ಬಾಲ್ಯದಲ್ಲಿ ಹಾಕಿಕೊಂಡ ಬೀಜ ಮದುವೆಯಾದ ಮೇಲೆ ಕಲ್ಲಾಗಿ ಹೊರಬರುವುದೂ ಇದೆ.

ಇದರಲ್ಲಿ ಒಂದು ವಸ್ತುವಿಗೆ ಮಾತ್ರ ಹದಿನೈದು ದಿನವಿಲ್ಲ, ಹದಿನೈದು ಗಂಟೆಯೂ ಇಲ್ಲ. ಬಟನ್ ಬ್ಯಾಟರಿ. ರಿಮೋಟಿನಲ್ಲಿ, ಬೆಳಕು ಬರುವ ಆಟಿಕೆಯಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ನೀವೇ ಮಾರುವ ಡಿಜಿಟಲ್ ಥರ್ಮಾಮೀಟರಿನಲ್ಲಿ ಅದು ಇರುತ್ತದೆ. ಮೂಗಿನ ಒದ್ದೆ ಗೋಡೆಗೆ ತಾಗಿದ ಕ್ಷಣದಿಂದ ಅದರಲ್ಲಿ ಕರೆಂಟು ಹರಿಯತೊಡಗುತ್ತದೆ. ಬ್ಯಾಟರಿಯ ರಾಸಾಯನಿಕ ಸೋರಬೇಕೆಂದೇ ಇಲ್ಲ. ಆ ಸಣ್ಣ ಕರೆಂಟಿನಿಂದಾಗಿ ಅಲ್ಲಿನ ನೀರಿನಂಶವೇ ಕಾಸ್ಟಿಕ್ ಸೋಡಾದಂಥ ಕ್ಷಾರವಾಗಿ ಮಾರ್ಪಟ್ಟು ಚರ್ಮ, ಮೃದ್ವಸ್ಥಿ ಎಲ್ಲವನ್ನೂ ಸುಡುತ್ತದೆ. ಕೆಲವೇ ಗಂಟೆಗಳಲ್ಲಿ ನಡುವಿನ ಗೋಡೆಗೆ ತೂತು ಬೀಳಬಹುದು, ಮುಂದೆ ಮೂಗು ಕುಸಿಯಬಹುದು. ನಿಮಗೆ ಸಂಬಂಧಪಟ್ಟ ಮಾತು ಈಗ ಬಂತು: ಇಂಥ ಮೂಗಿಗೆ ಸಲೈನ್ ಡ್ರಾಪ್ಸ್ ಬಿಟ್ಟರೆ ಉಪ್ಪುನೀರು ಸಿಕ್ಕಿ ಕರೆಂಟು ಇನ್ನೂ ಚೆನ್ನಾಗಿ ಹರಿಯುತ್ತದೆ, ಸುಡುವುದೂ ಜೋರಾಗುತ್ತದೆ. ಕಿವಿಯೊಳಗೆ ಸೇರಿದ ಬ್ಯಾಟರಿಗೂ ಇದೇ ನಿಯಮ. ಯಾರಿಗೂ ಕೆಡುಕು ಮಾಡದು ಎಂದು ನೀವು ಧೈರ್ಯವಾಗಿ ಕೊಡುವ ಬಾಟಲಿಯೇ ಇಲ್ಲಿ ಕೆಡುಕು. ಒಂದು ಎಕ್ಸ್-ರೇ ಸಾಕು ಗುರುತಿಸಲು. ನಾಣ್ಯಕ್ಕೆ ಒಂದೇ ಅಂಚು ಕಂಡರೆ ಬ್ಯಾಟರಿಗೆ ಒಂದರೊಳಗೊಂದು ಎರಡು ಸುತ್ತು ಕಾಣುತ್ತವೆ.

ಮಣಿ, ಕಾಳು ಎಂದು ಖಚಿತವಾಗಿ ಗೊತ್ತಿದ್ದರೆ, ಆಸ್ಪತ್ರೆ ದೂರವಿದ್ದರೆ, ತಾಯಿಗೆ ಒಂದು ಉಪಾಯ ಹೇಳಿಕೊಡಬಹುದು. 1965ರಲ್ಲಿ ವ್ಲಾಡಿಮಿರ್ ಸ್ಟಿಬೋರ್ ಎಂಬ ವೈದ್ಯರು ಬರೆದು ತಿಳಿಸಿದ್ದು. ಸರಿಯಿರುವ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಬೇಕು, ತಾಯಿ ತನ್ನ ಬಾಯನ್ನು ಮಗುವಿನ ಬಾಯಿಗೆ ಬಿಗಿಯಾಗಿಟ್ಟು, ಮೊದಲು ಮೆಲ್ಲಗೆ ಊದಿ, ಗಂಟಲು ಮುಚ್ಚಿಕೊಂಡ ತಡೆ ಸಿಕ್ಕ ಕೂಡಲೇ ಫಕ್ಕನೆ ಒಂದು ಉಸಿರು ಊದಬೇಕು. ಗಾಳಿ ಮೂಗಿನ ಹಿಂದಿನಿಂದ ಬಂದು ವಸ್ತುವನ್ನು ಮುಂದೆ ತಳ್ಳುತ್ತದೆ. ಸುಮಾರು ನೂರಕ್ಕೆ ಅರವತ್ತು ಮಕ್ಕಳಲ್ಲಿ ಕೆಲಸ ಮಾಡುತ್ತದೆ ಎಂದು ಪ್ರಕಟವಾದ ವರದಿಗಳನ್ನೆಲ್ಲ ಸೇರಿಸಿ ನೋಡಿದವರು ಹೇಳಿದ್ದಾರೆ. ಮಗುವಿಗೆ ಮುತ್ತು ಕೊಡುತ್ತೇನೆ ಎಂದರೆ ಸಾಕು, ಕೈಕಾಲು ಹಿಡಿಯಬೇಕಿಲ್ಲ. ಹೇರ್‌ಪಿನ್ನು, ಚಿಮಟಿಗೆಯಲ್ಲಿ ಕೆದಕುವುದು ಮಾತ್ರ ಬೇಡ; ಮುಂದಿದ್ದದ್ದು ಹಿಂದೆ ಜಾರಿ ಶ್ವಾಸನಾಳಕ್ಕೆ ಬಿದ್ದರೆ ಕಥೆಯೇ ಬೇರೆ.

ಇನ್ನು ದೊಡ್ಡವರ ಮೂಗು. ಒಂದೇ ಹೊಳ್ಳೆಯಲ್ಲಿ ಆಗಾಗ ರಕ್ತ, ಏನೋ ಅಡ್ಡ ಸಿಕ್ಕಂತೆ. ‘ದುರ್ಮಾಂಸ ಬೆಳೆದಿದೆಯಂತೆ, ಕರಗೋಕೆ ಏನಾದ್ರೂ ಕೊಡಿ’ ಎಂದು ನಿಮ್ಮಲ್ಲಿ ಬರುತ್ತಾರೆ. ಸಾಮಾನ್ಯ ದುರ್ಮಾಂಸ ಪೇಲವ, ನುಣುಪು, ಬಹುತೇಕ ಎರಡೂ ಕಡೆ ಇರುತ್ತದೆ, ಮುಟ್ಟಿದರೆ ರಕ್ತ ಬರುವುದಿಲ್ಲ. ನಾನು ಹೇಳುತ್ತಿರುವುದು ಹಿಪ್ಪುನೇರಳೆ ಹಣ್ಣಿನಂತೆ ಕೆಂಪಗೆ, ತರಿತರಿಯಾಗಿ, ಮೇಲೆಲ್ಲ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿರುವ ಗಡ್ಡೆ. ಹೆಸರು ರೈನೋಸ್ಪೋರಿಡಿಯೋಸಿಸ್. 1900ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಗಿಲೆರ್ಮೋ ಸೀಬರ್ ಇದನ್ನು ವರ್ಣಿಸಿದರು, ಆದರೆ ಕಾಯಿಲೆಯ ನಿಜವಾದ ತವರು ಭಾರತ ಮತ್ತು ಶ್ರೀಲಂಕಾ. ಕೇರಳ, ತಮಿಳುನಾಡು, ಛತ್ತೀಸಗಢಗಳಲ್ಲಿ ಹೆಚ್ಚು, ನಮ್ಮ ಕರಾವಳಿಗೂ ಹೊಸದಲ್ಲ. ನಿಂತ ನೀರಿನಲ್ಲಿ ಮೀಯುವವರಿಗೆ, ಹೊಳೆಯಲ್ಲಿ ಮುಳುಗಿ ಮರಳು ತೆಗೆಯುವವರಿಗೆ ಇದು ಬರುವುದನ್ನು 1930ರ ದಶಕದಲ್ಲೇ ಗಮನಿಸಿದ್ದರು. ದಶಕಗಟ್ಟಲೆ ಇದನ್ನು ಶಿಲೀಂಧ್ರ ಎಂದೇ ಓದಿಸುತ್ತಿದ್ದರು. 1999ರಲ್ಲಿ ಜೀನುಗಳನ್ನು ನೋಡಿದಾಗ, ಮೀನುಗಳಿಗೆ ಕಾಯಿಲೆ ತರುವ ಒಂದು ಬಗೆಯ ಸೂಕ್ಷ್ಮಜೀವಿಗಳ ನೆಂಟ ಎಂದು ತಿಳಿಯಿತು. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಬೆಳೆಸಲು ಆಗದು, ಆದ್ದರಿಂದ ಕಲ್ಚರ್ ರಿಪೋರ್ಟಿಗೆ ಕಾಯುವಂತಿಲ್ಲ. ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಸಾವಿರಾರು ಬೀಜಕಣ ತುಂಬಿದ ಚೀಲಗಳು ಕಾಣುತ್ತವೆ, ಆ ಬಿಳಿ ಚುಕ್ಕೆಗಳೇ ಅವು. ಕರಗಿಸುವ ಮಾತ್ರೆ ಇಲ್ಲ. ಬುಡಸಮೇತ ಕತ್ತರಿಸಿ ಆ ಜಾಗವನ್ನು ಸುಡಬೇಕು. ಅಷ್ಟು ಮಾಡಿದರೂ ಕೆಲವರಿಗೆ ಮತ್ತೆ ಚಿಗುರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂಬುದನ್ನು ಮನೆಯವರಿಗೆ ಎರಡು ಸಲ ಹೇಳಿ, ಕೆಲವರು ತಟ್ಟೆ ಲೋಟವನ್ನೇ ಬೇರೆ ಮಾಡಿಬಿಡುತ್ತಾರೆ.

ರಕ್ತ ಬರುವ ಮೂಗು ಹದಿನಾಲ್ಕು, ಹದಿನೈದರ ಹುಡುಗನದ್ದಾಗಿದ್ದು, ಅದೇ ಹೊಳ್ಳೆ ಕಟ್ಟಿಯೂ ಇದ್ದರೆ, ನಾವು ಹೆದರುವುದು ಆಂಜಿಯೋಫೈಬ್ರೋಮಾ ಎಂಬ ಗಡ್ಡೆಗೆ. ಕ್ಯಾನ್ಸರ್ ಅಲ್ಲ, ಆದರೆ ರಕ್ತನಾಳಗಳ ಗೊಂಚಲು. ಬರುವುದು ಹೆಚ್ಚುಕಡಿಮೆ ಹುಡುಗರಿಗೇ. ಇದರ ತುಣುಕು ತೆಗೆಯುವ ಧೈರ್ಯವನ್ನು ಯಾವ ವೈದ್ಯರೂ ಕ್ಲಿನಿಕ್ಕಿನಲ್ಲಿ ಮಾಡುವುದಿಲ್ಲ; ಡೈ ಹಾಕಿ ತೆಗೆದ ಸ್ಕ್ಯಾನಿನಲ್ಲೇ ಗುರುತು ಹಿಡಿದು, ರಕ್ತ ಪೂರೈಸುವ ನಾಳವನ್ನು ಮೊದಲು ಮುಚ್ಚಿ, ಆಮೇಲೆ ಆಪರೇಷನ್. ‘ಉಷ್ಣ ಜಾಸ್ತಿಯಾಗಿದೆ’ ಎಂದು ಎಳನೀರು ಕುಡಿಸುತ್ತಾ ಇಂಥ ಹುಡುಗನನ್ನು ಆರು ತಿಂಗಳು ಮನೆಯಲ್ಲಿಟ್ಟುಕೊಳ್ಳಬಾರದು.

ಈಗ ನನಗೆ ಬಲು ಇಷ್ಟವಾದ ಕಾಯಿಲೆಗೆ ಬರುತ್ತೇನೆ. ಇಷ್ಟ ಎಂದರೆ ರೋಗಿಯ ಕಷ್ಟಕ್ಕಲ್ಲ, ಬರೀ ಮಾತು ಕೇಳಿಯೇ ಹಿಡಿಯಬಹುದಾದದ್ದು ಎಂಬ ಕಾರಣಕ್ಕೆ. ನಲವತ್ತೈದರ ಹೆಂಗಸು, ಸ್ವಲ್ಪ ಸ್ಥೂಲ ಮೈ, ತಿಂಗಳುಗಳಿಂದ ಸೆಟ್ರಿಜಿನ್ ನುಂಗುತ್ತಿದ್ದಾರೆ. ಸೀನಿಲ್ಲ, ಮೂಗು ತುರಿಸುವುದಿಲ್ಲ, ನೀರು ಮಾತ್ರ. ಅದೂ ಬಲ ಹೊಳ್ಳೆಯಿಂದ. ಬೆಳಗ್ಗೆ ರಂಗೋಲಿ ಹಾಕಲು ಬಗ್ಗಿದರೆ ಅಂಗಳಕ್ಕೆ ಟಪಟಪ ಬೀಳುತ್ತದೆ. ಗಂಟಲಿಗೆ ಇಳಿದಾಗ ಉಪ್ಪುಪ್ಪು. ಕರವಸ್ತ್ರ ಒಣಗಿದ ಮೇಲೆ, ಸಿಂಬಳವಾಗಿದ್ದರೆ ಗಂಜಿ ಹಾಕಿದ ಬಟ್ಟೆಯ ಹಾಗೆ ಬಿರುಸಾಗಬೇಕಿತ್ತು, ಇದು ಮೆತ್ತಗೇ ಇರುತ್ತದೆ. ಅದು ಮೂಗಿನ ನೀರೇ ಅಲ್ಲ, ಮೆದುಳಿನ ಸುತ್ತ ಇರುವ ದ್ರವ. ಮೂಗಿನ ಚಾವಣಿ ಮತ್ತು ಮೆದುಳಿನ ನಡುವಿನ ಎಲುಬು ಕಾಗದದಷ್ಟು ತೆಳು. ತಲೆಬುರುಡೆಯೊಳಗಿನ ಒತ್ತಡ ಹೆಚ್ಚಾಗಿಯೋ, ಬೈಕಿನಿಂದ ಬಿದ್ದ ಪೆಟ್ಟಿಗೋ ಅಲ್ಲಿ ಬಿರುಕು ಬಿಡುತ್ತದೆ. ದ್ರವ ಇಳಿಯುವ ದಾರಿಯಲ್ಲೇ ರೋಗಾಣು ಹತ್ತಬಹುದು, ಮೆನಿಂಜೈಟಿಸ್ ಆಗಬಹುದು. ಆ ಹನಿಗಳನ್ನು ಸಣ್ಣ ಡಬ್ಬಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗಾಗಿ ಪರೀಕ್ಷೆ ಮಾಡಿಸುತ್ತೇವೆ. ಸಿಂಬಳದಲ್ಲಿ ಅದು ಇರುವುದಿಲ್ಲ. ಶುಗರ್ ನೋಡುವ ಸ್ಟ್ರಿಪ್ಪಿಗೆ ಒಂದು ಹನಿ ಹಾಕಿ ನೋಡುವ ಹಳೆಯ ಪದ್ಧತಿಯೊಂದಿದೆ. ಅಂಗಡಿಯಲ್ಲಿ ಗ್ಲೂಕೋಮೀಟರ್ ಇದೆಯೆಂದು ಅದನ್ನು ಪ್ರಯೋಗಿಸಬೇಡಿ, ಮೂಗಿನ ನೀರೂ ಆ ಸ್ಟ್ರಿಪ್ಪನ್ನು ಮೋಸಗೊಳಿಸುತ್ತದೆ. ಮೂಗು ಜೋರಾಗಿ ಸೀಟಬೇಡಿ ಎಂದಷ್ಟು ಹೇಳಿ ಕಳಿಸಿ.

ಕಿವಿಯ ವಿಷಯದಲ್ಲಿ ನಿಮ್ಮಿಂದ ನನಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಒಂದಿದೆ. ‘ರಾತ್ರಿ ಮಲಗುವಾಗ ಸರಿ ಇತ್ತು, ಬೆಳಗ್ಗೆ ಏಳುವಾಗ ಎಡ ಕಿವಿ ಬಂದ್. ಗುಗ್ಗೆ ಕಟ್ಟಿದೆ, ಕರಗೋ ಡ್ರಾಪ್ಸ್ ಕೊಡಿ.’ ಗುಗ್ಗೆಯೇ ಇರಬಹುದು, ಸ್ನಾನದ ನೀರು ಸೇರಿ ಉಬ್ಬಿರಬಹುದು. ಆದರೆ ಒಳಗಿವಿಯ ನರವೇ ಏಕಾಏಕಿ ಕೈಕೊಟ್ಟಿದ್ದರೆ ಅದು ಕಿವಿಯ ತುರ್ತುಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಫಲ ಕೊಡುವುದು ಬಹುಪಾಲು ಮೊದಲ ಎರಡು ವಾರಗಳಲ್ಲಿ, ಬೇಗ ಬಂದಷ್ಟೂ ಒಳ್ಳೆಯದು. ಕೆಲವರಿಗೆ ತಾನಾಗಿಯೇ ಕೇಳಿಸತೊಡಗುತ್ತದೆ, ಯಾರಿಗೆ ಎಂದು ಮೊದಲೇ ಹೇಳಲಾಗದು. ಗುಗ್ಗೆ ಕರಗಿಸುವ ಡ್ರಾಪ್ಸ್ ಒಂದು ವಾರ, ಸರಿಹೋಗಲಿಲ್ಲವೆಂದು ಇನ್ನೊಂದು ಬ್ರ್ಯಾಂಡಿನದು ಒಂದು ವಾರ, ಅಲ್ಲಿಗೆ ಎರಡು ವಾರ ಮುಗಿಯಿತು.

ಗುಗ್ಗೆಯನ್ನೂ ನರದ ತೊಂದರೆಯನ್ನೂ ನಾನು ಬೇರ್ಪಡಿಸುವುದು ಒಂದು ಟ್ಯೂನಿಂಗ್ ಫೋರ್ಕಿನಿಂದ. ಸೆಕೆಂಡಿಗೆ 512 ಸಲ ಮಿಡಿಯುವ ಫೋರ್ಕನ್ನು ಮೊಣಕೈಗೆ ಬಡಿದು ಹಣೆಯ ನಡುವೆ ಊರಿ, ಯಾವ ಕಿವಿಯಲ್ಲಿ ಕೇಳಿಸುತ್ತದೆ ಎನ್ನುತ್ತೇನೆ. ಗುಗ್ಗೆಯಾದರೆ ಸದ್ದು ಕಟ್ಟಿದ ಕಿವಿಯಲ್ಲೇ ಜೋರು, ಏಕೆಂದರೆ ಹೊರಗಿನ ಗದ್ದಲ ಅಲ್ಲಿಗೆ ಹೋಗುವುದಿಲ್ಲ, ಎಲುಬಿನ ಮೂಲಕ ಬಂದ ಸದ್ದಿಗೆ ಹೊರಹೋಗಲು ದಾರಿಯೂ ಇಲ್ಲ. ನರ ಸತ್ತಿದ್ದರೆ ಸದ್ದು ಒಳ್ಳೆಯ ಕಿವಿಗೆ ಓಡುತ್ತದೆ. ನಿಮ್ಮಲ್ಲಿ ಫೋರ್ಕ್ ಬೇಕಿಲ್ಲ. ಬಾಯಿ ಮುಚ್ಚಿಕೊಂಡು ‘ಮ್‌ಮ್‌ಮ್’ ಎಂದು ಗುಂಯ್‌ಗುಡಲು ಹೇಳಿ. ಈಗಲೇ ನೀವೂ ಒಂದು ಕಿವಿಗೆ ಬೆರಳಿಟ್ಟು ಗುಂಯ್‌ಗುಟ್ಟಿ ನೋಡಿ, ಮುಚ್ಚಿದ ಕಡೆಯೇ ಜೋರಾಗಿ ಕೇಳಿಸುತ್ತದೆ. ಗಿರಾಕಿ ‘ಸರಿಯಿರೋ ಕಿವೀಲಿ ಕೇಳ್ತಿದೆ’ ಎಂದರೆ ಡ್ರಾಪ್ಸ್ ಕೊಡಬೇಡಿ, ಅಂದೇ ಬಸ್ಸು ಹತ್ತಿಸಿ. ಇದು ಸುಳಿವು, ತೀರ್ಪಲ್ಲ. ಆಡಿಯೋಮೆಟ್ರಿ ಮಾಡಿ ಖಚಿತಪಡಿಸುವುದು ನಮ್ಮ ಕೆಲಸ. ಇಂಥವರಿಗೆ ಎಂಆರ್‌ಐ ಕೂಡ ಮಾಡಿಸುತ್ತೇವೆ, ಶ್ರವಣ ನರದ ಮೇಲೆ ಸಣ್ಣ ಗಡ್ಡೆಯಿದ್ದರೆ ಅದು ಕೆಲವೊಮ್ಮೆ ಹೀಗೆಯೇ ಮುಖ ತೋರಿಸುತ್ತದೆ.

ಕಿವಿ ನೋವೆಂದು ಬಂದವರ ಕಿವಿ ಪೂರ್ತಿ ಚೆನ್ನಾಗಿರುವುದೂ ಉಂಟು. ಗಂಟಲಿಗೂ ಕಿವಿಗೂ ಕೆಲವು ನರಗಳು ಸಮಾನ, ಗಂಟಲಿನ ನೋವನ್ನು ಮೆದುಳು ಕಿವಿಯ ಲೆಕ್ಕಕ್ಕೆ ಬರೆದುಬಿಡುತ್ತದೆ. ಗುಟ್ಕಾ, ಬೀಡಿ ಇರುವ ಐವತ್ತರ ಗಂಡಸು ಒಂದು ಕಿವಿಯ ನೋವಿಗೆ ಮೂರನೆಯ ಬಾಟಲಿ ಡ್ರಾಪ್ಸ್ ಕೇಳಿದರೆ, ನಾಲಿಗೆಯ ಬುಡ, ಟಾನ್ಸಿಲ್, ಅನ್ನನಾಳದ ಬಾಯಿ ಇವುಗಳಲ್ಲಿ ಕ್ಯಾನ್ಸರ್ ಇಲ್ಲ ಎಂದು ನೋಡಿಕೊಳ್ಳಬೇಕು. ದೊಡ್ಡವರಿಗೆ ನೆಗಡಿಯಿಲ್ಲದೆ ಒಂದೇ ಕಿವಿಯ ಪರದೆಯ ಹಿಂದೆ ನೀರು ತುಂಬಿದರೆ ಮೂಗಿನ ಹಿಂಭಾಗದಲ್ಲಿ ಕೊಳವೆ ಹಾಕಿ ನೋಡುತ್ತೇವೆ. ಅಲ್ಲಿನ ಕ್ಯಾನ್ಸರ್ ದಕ್ಷಿಣ ಚೀನಾದಲ್ಲಿ, ನಮ್ಮಲ್ಲಿ ನಾಗಾಲ್ಯಾಂಡಿನ ಕಡೆ ಹೆಚ್ಚು, ಇಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಇನ್ನೂ ವಿರಳವಾದದ್ದು ಈಗಲ್ ಸಿಂಡ್ರೋಮ್, ಅಮೆರಿಕದ ವ್ಯಾಟ್ ಈಗಲ್ 1937ರಲ್ಲಿ ಬರೆದದ್ದು. ಕಿವಿಯ ಕೆಳಗಿನಿಂದ ಇಳಿಯುವ ಸೂಜಿಯಂಥ ಎಲುಬು ಉದ್ದವಾಗಿ ಬೆಳೆದು, ನುಂಗುವಾಗ, ತಲೆ ತಿರುಗಿಸುವಾಗ ಚುಚ್ಚುತ್ತದೆ. ಟಾನ್ಸಿಲ್ ಇರುವ ಜಾಗವನ್ನು ಬೆರಳಿನಿಂದ ಒತ್ತಿದರೆ ಒಳಗೆ ಎಲುಬೇ ಸಿಗುತ್ತದೆ, ರೋಗಿ ‘ಇದೇ, ಇದೇ ನೋವು’ ಎನ್ನುತ್ತಾರೆ.

ವಿಚಿತ್ರ ಸದ್ದು ಕೇಳಿಸುತ್ತದೆ ಎನ್ನುವವರನ್ನು ನೋಡಿ ದಯವಿಟ್ಟು ನಗಬೇಡಿ. ಕಣ್ಣುಗುಡ್ಡೆ ಹೊರಳಿಸಿದರೆ ಕಿವಿಯಲ್ಲಿ ಕೇಳಿಸುತ್ತದೆ, ನಡೆದರೆ ನನ್ನ ಹೆಜ್ಜೆಯೇ ತಲೆಯೊಳಗೆ ಬಡಿಯುತ್ತದೆ, ಲಾರಿ ಹಾರ್ನ್ ಹೊಡೆದರೆ ನೆಲ ತಿರುಗುತ್ತದೆ. ಇದನ್ನು ಕೇಳಿದರೆ ಯಾರಿಗಾದರೂ ತಲೆ ಸರಿಯಿಲ್ಲ ಎನಿಸಬೇಕು. 1998ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಇದಕ್ಕೆ ಎಲುಬಿನ ಕಾರಣ ತೋರಿಸಿದರು: ಒಳಗಿವಿಯಲ್ಲಿ ಸಮತೋಲ ಕಾಯುವ ಮೂರು ಅರೆವೃತ್ತ ನಾಳಗಳಲ್ಲಿ ಮೇಲಿನದ್ದಕ್ಕೆ ಮುಚ್ಚಳದಂತಿರುವ ಎಲುಬು ಇಲ್ಲದಿರುವುದು. ತೆಳು ಪದರಗಳಲ್ಲಿ ತೆಗೆದ ಸಿಟಿ ಸ್ಕ್ಯಾನಿನಲ್ಲಿ ಆ ಬಿರುಕು ಕಾಣುತ್ತದೆ. ಒಂದೇ ಕಿವಿಯಲ್ಲಿ ನಾಡಿ ಬಡಿದಂತೆ ಡಬಡಬ ಎನ್ನುವುದೂ ಹೀಗೆಯೇ, ಬೀಟಾಹಿಸ್ಟಿನ್ ಮಾತ್ರೆಯಲ್ಲಿ ಮುಗಿಸುವ ವಿಷಯವಲ್ಲ.

2021ರ ಬ್ಲ್ಯಾಕ್ ಫಂಗಸ್ ಅನ್ನು ನೀವೂ ಮರೆತಿರಲಾರಿರಿ, ಆಂಫೋಟೆರಿಸಿನ್ ಚುಚ್ಚುಮದ್ದಿಗಾಗಿ ಅಂಗಡಿಯಿಂದ ಅಂಗಡಿಗೆ ಜನ ಅಲೆದ ತಿಂಗಳುಗಳವು. ಕೋವಿಡ್ ಹೋದರೂ ಅದು ಹೋಗಿಲ್ಲ. ಶುಗರ್ ಅಂಕೆ ಮೀರಿದವರಲ್ಲಿ ಈಗಲೂ ಬರುತ್ತದೆ. ಒಂದು ಕೆನ್ನೆ ಜೋಮು ಹಿಡಿದಂತೆ, ಅದೇ ಕಡೆಯ ಹಲ್ಲು ಅಲುಗಿದಂತೆ, ಕಣ್ಣಿನ ಸುತ್ತ ಊತ. ಕಪ್ಪು ಬಣ್ಣ ಫಂಗಸ್ಸಿನದ್ದಲ್ಲ, ಅದು ರಕ್ತನಾಳ ಮುಚ್ಚಿದ್ದರಿಂದ ಸತ್ತ ಮಾಂಸದ್ದು. ಅಂದರೆ ಕಪ್ಪು ಕಾಣುವ ಹೊತ್ತಿಗೆ ತಡವಾಗಿದೆ. ಯಾರು ಇನ್ಸುಲಿನ್ ಒಯ್ಯುತ್ತಾರೆ, ಯಾರು ಎರಡು ತಿಂಗಳಿಂದ ಒಯ್ದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದೇ ಕಡೆಯ ಇನ್ನೊಂದು ಕಾಯಿಲೆಯಿದೆ: ಮುಖ ಒಂದು ಕಡೆ ಸೊಟ್ಟಗಾಗಿ, ಅದೇ ಕಿವಿಯ ಮೇಲೆ ನೀರುಗುಳ್ಳೆ ಎದ್ದಿದ್ದರೆ ಅದು ಸರ್ಪಸುತ್ತಿನ ವೈರಸ್. ಹಾಡುಗಾರ ಜಸ್ಟಿನ್ ಬೀಬರ್ 2022ರಲ್ಲಿ ತನಗೆ ಬಂದಿದೆ ಎಂದು ವಿಡಿಯೋದಲ್ಲಿ ತೋರಿಸಿದ್ದು ಇದನ್ನೇ. ಮೂರು ದಿನದೊಳಗೆ ಮದ್ದು ಶುರುವಾದರೆ ಮುಖ ಸರಿಹೋಗುವ ಸಾಧ್ಯತೆ ಹೆಚ್ಚು.

ಮಲೆನಾಡಿನವರಿಗೆ ಒಂದು ಮಾತು ಹೆಚ್ಚಿಗೆ. ತೊರೆಗೆ ಬಾಯಿ ಹಚ್ಚಿ ನೀರು ಕುಡಿದವರ ಮೂಗಿಗೆ ಜಿಗಣೆ ಸೇರುತ್ತದೆ. ಒಂದೇ ಹೊಳ್ಳೆಯಿಂದ ತೊಟ್ಟಿಕ್ಕುವ ರಕ್ತ, ಒಳಗೆ ಏನೋ ಹರಿದಾಡಿದಂತೆ. ರೋಗಿಯೇ ಹೇಳಿದರೂ ಮನೆಯವರು ನಂಬುವುದಿಲ್ಲ. ಮುಖವನ್ನು ತಣ್ಣೀರಿನ ಬೋಗುಣಿಯ ಹತ್ತಿರ ತಂದರೆ ಜಿಗಣೆ ನೀರಿನಾಸೆಗೆ ತಲೆ ಹೊರಹಾಕುವುದುಂಟು. ಹಾಗೆಂದು ಕೈಯಿಂದ ಎಳೆಯಲು ಹೋಗಬೇಡಿ.

ಕೊನೆಗೆ ನನ್ನ ಕೋರಿಕೆಯ ಇನ್ನರ್ಧ. ‘ಒಂದೇ ಕಡೆ’ ಎಂಬ ಉತ್ತರ ಬಂದು, ನೀವು ಯಾರನ್ನಾದರೂ ನಮ್ಮಂಥವರ ಹತ್ತಿರ ಕಳಿಸುವಾಗ ಬಿಲ್ಲಿನ ಹಿಂಬದಿಯಲ್ಲಿ ಮೂರು ವಿಷಯ ಗೀಚಿ ಕೊಡಿ: ಎಡವೋ ಬಲವೋ, ಎಷ್ಟು ದಿನದಿಂದ, ಈವರೆಗೆ ಯಾವ ಯಾವ ಡ್ರಾಪ್ಸ್, ಮಾತ್ರೆ ಒಯ್ದಿದ್ದಾರೆ. ಕನ್ನಡದಲ್ಲೇ ಬರೆಯಿರಿ, ಅಕ್ಷರ ಹೇಗಿದ್ದರೂ ಸರಿ, ವೈದ್ಯರ ಕೈಬರಹ ಓದಿ ಪಳಗಿದವರು ನೀವು, ಒಂದು ಸಲ ನಾವು ನಿಮ್ಮದನ್ನು ಓದುತ್ತೇವೆ. ರೋಗಿಗಳು ‘ಬಿಳಿ ಬಾಟಲಿ, ನೀಲಿ ಮುಚ್ಚಳ’ ಎಂದು ಹೇಳಿದರೆ ನಮಗೆ ಏನೂ ತಿಳಿಯುವುದಿಲ್ಲ. ಬಟನ್ ಬ್ಯಾಟರಿಯ ಅನುಮಾನವಿದ್ದರೆ ಮಾತ್ರ ಚೀಟಿ ಬರೆಯುತ್ತಾ ಕೂರಬೇಡಿ, ಆಟೋ ಕರೆದು ಕೂರಿಸಿಬಿಡಿ, ಆಮೇಲೆ ಫೋನ್ ಮಾಡಿದರೆ ಆಯಿತು.

ಇತಿ,
ನಿಮ್ಮ ಪಕ್ಕದ ಬೀದಿಯ ಒಬ್ಬ ಕಿವಿ-ಮೂಗು-ಗಂಟಲು ವೈದ್ಯ